ಮೊಣಕಾಲುದ್ದದ ಪರದೆ

ಆ ವರ್ಷ ನೀವು ಏನೇನು ಕಂಡಿರಿ ಎಂದು ಕೇಳಲು ಈಚೆಗೆ ಆಗಾಗ ಯಾರಾದರೂ ಮನೆಗೆ ಬರುತ್ತಾರೆ. ಆ ವರ್ಷ ಎಂದರೆ ನಿಜಾಮ ಸರಕಾರದ ಕೊನೆಯ ವರ್ಷ, ನಲವತ್ತೇಳರ ದಸರೆಯಿಂದ ನಲವತ್ತೆಂಟರ ದಸರೆಯ ತನಕ. ನಾನು ಆಗ ಅಫಜಲಪುರದ ಕಡೆ ಇದ್ದೆ. ಭೀಮಾ ನದಿಯ ಈಚೆ ಒಂದು ರಾಜ್ಯ, ಆಚೆ ಇನ್ನೊಂದು. ಪದವಿ ಮುಗಿಸಿದ್ದೆ, ಡೈರಿ ಬರೆಯುತ್ತಿದ್ದೆ. ಇಷ್ಟೆಲ್ಲ ಇದ್ದವಳ ಹತ್ತಿರ ಏನಾದರೂ ಸಿಕ್ಕೀತು ಎಂದು ಬಂದವರು ನಂಬುವುದು ಸಹಜ. ನಾನು ಡೈರಿ ತೆಗೆದು ಕೊಡುತ್ತೇನೆ. ಅದರಲ್ಲಿ "ಪರದೆ ಒಗೆಯಲಿಲ್ಲ" ಎಂದಿದೆ. ಮರುದಿನದ ಪುಟದಲ್ಲಿ "ಇಂದೂ ಒಗೆಯಲಿಲ್ಲ" ಎಂದಿದೆ. ಅವರು ಚಹಾ ಕುಡಿದು ಹೋಗುತ್ತಾರೆ.

ಡೈರಿಯನ್ನಾದರೂ ಪೂರ್ತಿ ನಂಬುವ ಹಾಗಿಲ್ಲ. ಎಷ್ಟೋ ಸಲ ಮೂರು ದಿನದ್ದನ್ನು ಒಂದೇ ದಿನ ಕೂತು ಬರೆದಿದ್ದೇನೆ. ಶಾಯಿ ನೋಡಿದರೆ ತಿಳಿಯುತ್ತದೆ. ನನ್ನ ನೆನಪಿನಲ್ಲಿ ಪರದೆಗಳು ಮೂರು. ಡೈರಿಯಲ್ಲಿ ಒಂದು ಕಡೆ ನಾಲ್ಕು ಎಂದಿದೆ. ಹೆಂಗಸರ ಕೋಣೆಯಲ್ಲಿ ಇದ್ದದ್ದು ನಾಲ್ಕು ಮಂಚ, ನಾಲ್ಕು ಮಂಚಗಳ ನಡುವೆ ಮೂರೇ ಸಂದು. ನಾಲ್ಕನೆಯ ಪರದೆಯನ್ನು ಎಲ್ಲಿ ಕಟ್ಟಿದ್ದೆವೋ ನನಗೆ ತಿಳಿಯದು. ಇಲ್ಲಿ ಮೂರು ಎಂದೇ ಬರೆಯುತ್ತೇನೆ.

ನಮ್ಮದು ಆಳಂದ. ನನ್ನ ಅಣ್ಣ ಸರಕಾರಿ ಡಾಕ್ಟರ. ಅಫಜಲಪುರದ ಕಡೆಯ ಒಂದು ಸಣ್ಣ ದವಾಖಾನೆಗೆ ಅವನನ್ನು ಹಾಕಿದ್ದರು. ಯಾವ ಊರೆಂದು ಬರೆಯುವುದಿಲ್ಲ; ಆಗಿನವರ ಮಕ್ಕಳು ಅಲ್ಲಿದ್ದಾರೆ. ಅತ್ತಿಗೆ ಬಾಣಂತನಕ್ಕೆ ನದಿಯ ಆಚೆಗಿನ ತವರಿಗೆ ಹೋದವಳು ತಿರುಗಿ ಬರಲು ದಾರಿ ಸರಿಯಿರಲಿಲ್ಲ. ನಾನು ಹೈದರಾಬಾದಿನಲ್ಲಿ ಓದು ಮುಗಿಸಿ ಆಳಂದದ ಮನೆಯಲ್ಲಿ ಏನೂ ಮಾಡದೆ ಕೂತಿದ್ದೆ. ಅಣ್ಣನಿಗೆ ರೊಟ್ಟಿ ಬಡಿದು ಕೊಡುವವರು ಬೇಕಾಗಿತ್ತು. ಹಾಗಾಗಿ ಕಳಿಸಿದರು. ರೊಟ್ಟಿ ನನಗೆ ಚೆನ್ನಾಗಿ ಬರುತ್ತಿರಲಿಲ್ಲವೆಂದು ಎರಡನೆಯ ದಿನವೇ ಗೊತ್ತಾಯಿತು. ಸೂಲಗಿತ್ತಿ ನರ್ಸಿನ ಜಾಗ ಖಾಲಿ ಇತ್ತು, ಹೆಂಗಸರ ಕಡೆಯ ರಜಿಸ್ಟರು ಬರೆಯಲು ಯಾರೂ ಇರಲಿಲ್ಲ. ಅಣ್ಣ ಆ ಕೆಲಸವನ್ನು ನನಗೆ ಹಚ್ಚಿದ. ಅದರ ಜೊತೆಗೆ ಪರದೆಗಳ ಉಸ್ತುವಾರಿಯೂ ಬಂತು.

ಪರದೆ ಎಂದರೆ ಮಾಂಜರಪಾಟದ್ದು, ಆ ಕಾಲದ ದಪ್ಪ ಕೋರಾ ಬಟ್ಟೆ. ಮೇಲಿನ ಮಡಿಕೆಯಲ್ಲಿ ಹಗ್ಗ ತೂರಿಸಿ ಆ ಗೋಡೆಯಿಂದ ಈ ಗೋಡೆಗೆ ಮೊಳೆ ಹೊಡೆದು ಕಟ್ಟಿದ್ದರು. ಕೆಳಗೆ ನೆಲಕ್ಕೆ ಒಂದು ಗೇಣು ಬಿಟ್ಟಿತ್ತು. ನಾನು ಮೊದಲ ಸಲ ನೋಡಿದಾಗ ಮೂರಕ್ಕೂ ಬೇರೆಬೇರೆ ಬಣ್ಣವಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಬಟ್ಟೆ ಒಂದೇ. ಬಾಗಿಲ ಹತ್ತಿರದ್ದು ಧೂಳಿನಿಂದ ಕೆಂಪಗೆ, ನಡುವಿನದು ಗಾಯಕ್ಕೆ ಹಚ್ಚುವ ಟಿಂಚರಿನಿಂದ ಕಂದಾಗಿ, ಕಿಟಕಿಯ ಹತ್ತಿರದ್ದು ಒಲೆಯ ಹೊಗೆಯಿಂದ ಕಪ್ಪಾಗಿ ಇದ್ದವು. ಮಂಚ ಇಳಿಯುವವರು ಅದನ್ನು ಹಿಡಿದು ಇಳಿಯುತ್ತಿದ್ದರು. ಊಟ ಮಾಡಿದವರು ಕೈ ಒರೆಸುತ್ತಿದ್ದರು. ನೋವು ತಿನ್ನುವವರು ಅದನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಮರೆ ಮಾಡುವುದು ಅದರ ಕೆಲಸಗಳಲ್ಲಿ ಕೊನೆಯದು.

ದವಾಖಾನೆಯ ಆಯಾ ನಲವತ್ತರ ಆಸುಪಾಸಿನ ವಿಧವೆ, ಊರ ಹೊರಗಿನ ಕೇರಿಯವಳು. ಎಂಟು ವರ್ಷದಿಂದ ಹಂಗಾಮಿ. ದವಾಖಾನೆಯ ಹಿಂದೆ ಮೊದಲು ಕಟ್ಟಿಗೆ ತುಂಬುತ್ತಿದ್ದ ಕೋಣೆಯಲ್ಲಿ ಇರುತ್ತಿದ್ದಳು. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. ಕೇರಿಯಲ್ಲಿದ್ದ ಅವಳ ಮನೆಯನ್ನು ಮೈದುನ ಎಂದೋ ಹಿಡಿದುಕೊಂಡಿದ್ದ. ಇದನ್ನು ಅವಳು ದುಃಖದಿಂದ ಹೇಳಿದ್ದಲ್ಲ. ನಾನು ಎಲ್ಲಿರುತ್ತೀ ಎಂದು ಕೇಳಿದೆ, ಅವಳು ಲೆಕ್ಕ ಒಪ್ಪಿಸಿದಳು.

ಬಂದ ವಾರದಲ್ಲೇ ನಾನು ನಡುವಿನ ಪರದೆ ಬಿಚ್ಚಿಸಲು ಹೋದೆ. ಕೆಳಗಿನ ಅಂಚಿನಲ್ಲಿ ಸಾಲಾಗಿ ಗಂಟುಗಳಿದ್ದವು, ಹುಣಸೆ ಬೀಜದಷ್ಟರಿಂದ ನಿಂಬೆಕಾಯಿಯಷ್ಟರ ತನಕ. ಒಗೆಯುವ ಮೊದಲು ಬಿಚ್ಚೋಣವೆಂದು ಒಂದಕ್ಕೆ ಕೈ ಹಾಕಿದೆ. ಆಯಾ ಕಸಬರಿಗೆ ಕೆಳಗಿಟ್ಟು ಬಂದಳು.

"ಅದು ಮುಟ್ಟಬ್ಯಾಡ್ರಿ ಅಕ್ಕೋರ. ಎರಡನೇ ಮಂಚದಾಕೀದು. ಆಕಿನ ಕಟ್ಟ್ಯಾಳ, ಆಕಿನ ಬಿಚ್ತಾಳ."

ಆಮೇಲೆ ಬಿಡಿಸಿ ಹೇಳಿದಳು. ಹೆಂಗಸರು ಹರಕೆಯ ಗಂಟನ್ನು ತಮ್ಮ ಸೆರಗಿಗೆ ಹಾಕುವುದು ಎಲ್ಲ ಕಡೆ ಇದ್ದದ್ದೇ. ಇಲ್ಲಿ ಸೇರಿಸಿಕೊಂಡ ಕೂಡಲೇ ಅವರ ಸೀರೆ ಬಿಡಿಸಿ ದವಾಖಾನೆಯ ಬಿಳಿ ಸೀರೆ ಉಡಿಸುತ್ತಿದ್ದೆವು. ಅದು ಎರಡು ದಿನಕ್ಕೊಮ್ಮೆ ಒಗೆಯಲು ಹೋಗಿ ಇನ್ನೊಬ್ಬಳ ಮೈಮೇಲೆ ಬರುತ್ತಿತ್ತು. ಅದರ ಸೆರಗನ್ನು ನಂಬುವುದು ಹೇಗೆ? ಆದ್ದರಿಂದ ಗಂಟುಗಳು ಪರದೆಗೆ ಬಂದವು. ಎಂದೂ ಒಗೆಯದ ಬಟ್ಟೆ ಅದೊಂದೇ ಎಂದು ಎಲ್ಲರಿಗೂ ಗೊತ್ತಿತ್ತು. ಮನೆದೇವರ ಅಂಗಾರ ಎಂದರೆ ಗುಡಿಯ ಬೂದಿ, ನಾಲ್ಕು ಕಾಳು ಜೋಳ, ಕೆಲವರು ಅರಿಶಿನ ಕುಂಕುಮ ಇಟ್ಟು ಕಟ್ಟುತ್ತಿದ್ದರು. ಗುಣವಾಗಿ ಮನೆಗೆ ಹೊರಟ ದಿನ ಕಟ್ಟಿದವಳೇ ಬಿಚ್ಚಿ ಕಾಳನ್ನು ಗುಬ್ಬಿಗೆ ಚೆಲ್ಲಿ ಹೊಸ್ತಿಲು ದಾಟಬೇಕು. ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಮಂಚಕ್ಕೆ ತಿರುಗುವ ಹಾಗಿಲ್ಲ. ಬೇರೆಯವರು ಬಿಚ್ಚಿದರೆ ಕಟ್ಟಿದವಳಿಗೆ ಕೇಡು. ಯಾವ ಗಂಟು ಯಾರದು ಎಂದು ಆಯಾಗೆ ಬಾಯಿಪಾಠ. ಅವಳ ಕೈಯ ನೀರು ಕುಡಿಯದವರು ಕೂಡ ತಮ್ಮ ಗಂಟಿನ ಮೇಲೆ ಒಂದು ಕಣ್ಣಿಡು ಎಂದು ಅವಳಿಗೇ ಹೇಳಿ ಮಲಗುತ್ತಿದ್ದರು.

ಸತ್ತವರ ಗಂಟು ಏನಾಗುತ್ತದೆ ಎಂದು ಕೇಳಿದೆ. ಹಾಗೇ ಇರುತ್ತದೆ ಎಂದಳು. ಕಿಟಕಿಯ ಪರದೆಯಲ್ಲಿ ಅಂಥವು ಎರಡಿದ್ದವು.

ನಾನು ತರ್ಕಶಾಸ್ತ್ರ ಓದಿದವಳು. ಒಬ್ಬಳು ಹೋಗುವಾಗ ಇನ್ನೊಬ್ಬಳು ಬಂದಿರುತ್ತಾಳೆ. ಎಲ್ಲ ಗಂಟುಗಳೂ ಒಟ್ಟಿಗೆ ಬಿಚ್ಚಿಕೊಳ್ಳುವ ದಿನ ಬರುವುದೇ ಇಲ್ಲ. ಆದ್ದರಿಂದ ಈ ಪರದೆಗಳನ್ನು ಒಗೆಯುವುದು ಸಾಧ್ಯವಿಲ್ಲ. ಅಂದೇ ಸಂಜೆ ಡೈರಿಯಲ್ಲಿ ಮೊದಲ ಬಾರಿ "ಪರದೆ ಒಗೆಯಲಿಲ್ಲ" ಎಂದು ಬರೆದೆ.

ಸಂಕ್ರಾಂತಿಯ ಸುಮಾರಿಗೆ ಜಿಲ್ಲೆಯ ದೊಡ್ಡ ಡಾಕ್ಟರು ತಪಾಸಣೆಗೆ ಬಂದರು. ಮೆದು ಮಾತಿನ ಮನುಷ್ಯ, ಕೈಯಲ್ಲಿ ಬೆತ್ತ. ಬೆತ್ತದ ತುದಿಯಿಂದ ಪರದೆ ಸರಿಸಿದರು, ಆಮೇಲೆ ಬೆತ್ತದ ತುದಿಯನ್ನು ನೋಡಿಕೊಂಡರು. ತಪಾಸಣೆಯ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆದರು: ಪರದೆಗಳು ಹೊಲಸಾಗಿವೆ, ಹಂಗಾಮಿ ಆಯಾಳನ್ನು ಕಾಯಂ ಮಾಡಬೇಕೆಂಬ ಡಾಕ್ಟರರ ಶಿಫಾರಸನ್ನು ಮುಂದಿನ ತಪಾಸಣೆಯ ತನಕ ತಡೆಹಿಡಿಯಲಾಗಿದೆ, ಆಗಲೂ ಹೀಗೇ ಇದ್ದರೆ ಬೇರೆ ಆಯಾಳನ್ನು ನೇಮಿಸತಕ್ಕದ್ದು. ಪರದೆ ನನ್ನ ಉಸ್ತುವಾರಿ ಎಂದು ಯಾರೂ ಹೇಳಲಿಲ್ಲ. ನಾನು ಸಂಬಳದವಳಲ್ಲ, ಆದ್ದರಿಂದ ಪುಸ್ತಕದಲ್ಲಿ ಇರಲೇ ಇಲ್ಲ. ಬರೆದದ್ದನ್ನು ಆಯಾಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ನನಗೆ ಬಂತು. ಅವಳು ಕೇಳಿ, ಮುಂದಿನ ಸಲ ಅವರು ಯಾವಾಗ ಬರುತ್ತಾರೆ ಎಂದಷ್ಟೇ ಕೇಳಿದಳು. ಬೇಸಿಗೆಯಲ್ಲಿ ಎಂದೆ.

ಅಗಸರ ಮನೆಯವರು ಅಷ್ಟರಲ್ಲಿ ಊರಿನ ಗದ್ದಲಕ್ಕೆ ಹೆದರಿ ನದಿ ದಾಟಿ ಹೋಗಿದ್ದರು. ಸಾಬೂನು ಆಚೆಯಿಂದ ಬರುವುದು ನಿಂತಿತ್ತು. ನಾನೂ ಆಯಾಳೂ ಒಗೆಯಲು ನಿಂತೆವು. ದವಾಖಾನೆಯ ಬಾವಿಯನ್ನು ಸುತ್ತಲಿನ ಮನೆಯವರೂ ಬಳಸುತ್ತಿದ್ದುದರಿಂದ ಅವಳು ಹಗ್ಗ ಮುಟ್ಟುವಂತಿರಲಿಲ್ಲ. ನಾನು ಸೇದುತ್ತಿದ್ದೆ, ಅವಳು ಒಗೆಯುತ್ತಿದ್ದಳು. ನಾನು ಒಗೆದು ಅವಳು ಸೇದಿದ್ದರೆ ಕೆಲಸ ಎರಡು ಪಟ್ಟು ಬೇಗ ಆಗುತ್ತಿತ್ತು. ಸೇದುವ ತೋಳು ಅವಳದಾಗಿತ್ತು.

ಮೊದಲು ಗಂಟು ಸಮೇತ ಒಗೆದೆವು. ಬೂದಿ ನೀರಿನಲ್ಲಿ ನೆನೆಸಿ ಅಂಟವಾಳದ ನೊರೆಯಲ್ಲಿ ತಿಕ್ಕಿದೆವು. ಬಟ್ಟೆ ಬೆಳ್ಳಗಾಯಿತು. ಒಣಗಿಸುವಾಗ ಗಂಟುಗಳೊಳಗಿನ ಕುಂಕುಮ ಇಳಿದು ಅಂಚಿನುದ್ದಕ್ಕೂ ಕೆಂಪು ಕಲೆಗಳಾದವು. ದವಾಖಾನೆಯಲ್ಲಿ ಕೆಂಪು ಕಲೆ ಕಂಡರೆ ಅದು ಕುಂಕುಮವೆಂದು ಯಾರೂ ಮೊದಲು ಯೋಚಿಸುವುದಿಲ್ಲ. ಒಳಗಿನ ಕಾಳು ನೆನೆದು ಮೂರನೆಯ ದಿನ ವಾಸನೆ ಹಿಡಿಯಿತು. ಒಂದು ಗಂಟಿನಿಂದ ಜೋಳದ ಮೊಳಕೆ ಹೊರಬಂತು. ಆ ಗಂಟಿನವಳು ಇದು ಬಹಳ ಒಳ್ಳೆಯ ಲಕ್ಷಣವೆಂದು ಸಂತೋಷಪಟ್ಟಳು.

ಅಂಚನ್ನೇ ಹರಿಯುವ ಉಪಾಯ ನನ್ನದು ಎಂದು ನಾನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಡೈರಿಯಲ್ಲಿ "ಆಯಾ ಹೇಳಿದಂತೆ" ಎಂದಿದೆ. ಗಂಟು ಬಿಚ್ಚಬಾರದು ಎಂಬುದಷ್ಟೇ ಕಟ್ಟಳೆ, ಬಟ್ಟೆ ಹರಿಯಬಾರದು ಎಂದು ಯಾರೂ ಹೇಳಿಲ್ಲ. ಕೆಳಗಿನ ನಾಲ್ಕು ಬೆರಳಗಲದ ಪಟ್ಟಿಯನ್ನು ಗಂಟುಗಳ ಸಮೇತ ಹರಿದು, ತುಂಡು ಮಾಡಿ, ಯಾರ ಗಂಟು ಅವರ ಮಂಚದ ಕಾಲಿಗೆ ಕಟ್ಟುವುದು. ಉಳಿದ ಪರದೆಯನ್ನು ನಿಶ್ಚಿಂತೆಯಿಂದ ಒಗೆಯುವುದು. ಸತ್ತವರಿಬ್ಬರ ಗಂಟುಗಳನ್ನು ಆಯಾ ಹಿಂದಿನ ಬೇವಿನ ಗಿಡಕ್ಕೆ ಕಟ್ಟಿ ಬಂದಳು. ಎಲ್ಲರೂ ಒಪ್ಪಿದರು. ನಾನು ಗೆದ್ದೆವೆಂದುಕೊಂಡೆ.

ಹೊಸದಾಗಿ ಬಂದವರು ಹೊಸ ಅಂಚಿಗೆ ಗಂಟು ಹಾಕಿದರು. ಮಂಚದ ಕಾಲಿಗೆ ಹಾಕಿ ಎಂದರೆ ಕಬ್ಬಿಣಕ್ಕೆ ಹರಕೆ ಹತ್ತುವುದಿಲ್ಲ ಎಂದರು. ಮತ್ತೆ ಹರಿದೆವು. ಶಿವರಾತ್ರಿಗೆ ಒಮ್ಮೆ, ಹೋಳಿಗೆ ಒಮ್ಮೆ, ಯುಗಾದಿಗೆ ಒಮ್ಮೆ. ಪರದೆ ಸ್ವಚ್ಛವಾಗುತ್ತಾ ಹೋಯಿತು, ಮೇಲೇರುತ್ತಾ ಹೋಯಿತು. ಯುಗಾದಿಯ ಹೊತ್ತಿಗೆ ಅದು ನಿಂತವರ ಮೊಣಕಾಲಿಗೆ ಬಂದಿತ್ತು. ಮಂಚದ ಮೇಲೆ ಮಲಗಿದವರಿಗೆ ಆಚೆ ಮಂಚದವರ ಪಾದ, ಉಗುಳುವ ಡಬ್ಬಿ, ಯಾರು ಯಾರನ್ನು ನೋಡಲು ಬಂದರು, ಎಲ್ಲ ಕಾಣುತ್ತಿತ್ತು. ಕಾಲುಂಗುರ ನೋಡಿಯೇ ಗುರುತು ಹಿಡಿದು ಮಾತಾಡಿಸುತ್ತಿದ್ದರು.

ಅಣ್ಣ ಒಂದು ದಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ.

"ನಿನ್ನ ಪರದಾ ದಿನಾ ಗಿಡ್ಡ ಆಗಾಕತ್ತದಲ್ಲ ತಂಗಿ. ಇದಕ್ಕ ನನ್ನ ಹತ್ರ ಔಷಧ ಇಲ್ಲ."

ಇನ್ನು ಒಂದು ಬೆರಳೂ ಹರಿಯಕೂಡದು ಎಂದ. ಹೊಸ ಬಟ್ಟೆಗೆ ಬರೆದಿದ್ದ; ಬಟ್ಟೆ ಪರ್ಮಿಟ್ಟಿನ ಮೇಲೆ, ಪರ್ಮಿಟ್ಟು ಕಲಬುರಗಿಯಲ್ಲಿ, ಕಲಬುರಗಿಯ ಬಸ್ಸು ಬಂದರೆ ಬಂತು.

ತಪಾಸಣೆಯ ದಿನ ಗೊತ್ತಾದಾಗ ಕೋಣೆಯಲ್ಲಿ ಒಬ್ಬಳೇ ಉಳಿದಿದ್ದಳು. ಚೌಡಾಪುರದ ಹತ್ತಿರದ ಹಳ್ಳಿಯವಳು, ಹತ್ತೊಂಬತ್ತೋ ಇಪ್ಪತ್ತೋ. ಹೆರಿಗೆಯಾದ ಮೇಲೆ ಜ್ವರ ಬಂದು ಗಾಡಿಯಲ್ಲಿ ಹಾಕಿಕೊಂಡು ತಂದಿದ್ದರು. ನಾಲ್ಕು ವಾರದ ಮೇಲಾಗಿತ್ತು. ಕೂಸನ್ನು ಅತ್ತೆ ಹೊರಗೆ ಬೇವಿನ ಕೆಳಗೆ ಇಟ್ಟುಕೊಂಡು ಆಡಿನ ಹಾಲು ಹಾಕುತ್ತಿದ್ದಳು. ಜ್ವರ ಇಳಿಯುತ್ತಾ ಬಂದಿತ್ತು, ಸಂಜೆ ಮಾತ್ರ ಏರುತ್ತಿತ್ತು. ಇನ್ನು ಒಂದು ವಾರ ಇರಲಿ ಎಂದಿದ್ದ ಅಣ್ಣ. ನಡುವಿನ ಪರದೆಯ ಅಂಚಿನಲ್ಲಿ ಅವಳ ಒಂದು ಗಂಟು, ಕಂದು ಬಣ್ಣಕ್ಕೆ ತಿರುಗಿ, ನಾಲ್ಕು ವಾರದ ಕೈಮುಟ್ಟಿನಿಂದ ಚರ್ಮದ ಹಾಗೆ ಆಗಿತ್ತು. ಅದೊಂದರ ಸಲುವಾಗಿ ಆ ಪರದೆ ಹಾಗೇ ಉಳಿದಿತ್ತು. ಟಿಂಚರ, ಹಾಲು, ಬೆವರು, ಮತ್ತೇನೋ.

ಅತ್ತೆಯ ಹತ್ತಿರ ಹೋಗಿ ಒಮ್ಮೆ ಸೊಸೆಯ ಕೈಯಿಂದಲೇ ಬಿಚ್ಚಿಸಿ, ಒಗೆದ ಮೇಲೆ ಕಟ್ಟಿಸೋಣ ಎಂದೆ. ಅವಳು ಕೂಸಿನ ಬಾಯಿಯಿಂದ ಹಾಲಿನಲ್ಲಿ ಅದ್ದಿದ ಬಟ್ಟೆಯ ಬತ್ತಿ ತೆಗೆಯದೆಯೇ ಹೇಳಿದಳು:

"ಬಿಚ್ಚಿದ ಮ್ಯಾಲ ಮನೀಗೆ ಹೋಗಬೇಕವ್ವಾ, ಮತ್ತ ಕಟ್ಟೂದಲ್ಲ. ಹರಿಯೋದಿದ್ರ ಹರ್ಕೋ. ಓದಿದಾಕಿ ಅಂತಾರ, ಹರಿಯೋದಷ್ಟ ಕಲ್ತಿದಿ."

ಹರಿಯುವುದನ್ನು ಅಣ್ಣ ಬಂದ್ ಮಾಡಿದ್ದ. ಆಯಾಗೆ ಹೇಳಿದೆ, ಇವಳೊಬ್ಬಳ ಗಂಟಿಗಾಗಿ ನಿನ್ನ ಎಂಟು ವರ್ಷ ಹೋಗುತ್ತದೆ, ಮಲಗಿದಾಗ ಬಿಚ್ಚಿ ಒಗೆದುಬಿಡೋಣ. ಅವಳು ಕಿಟಕಿಯ ಪರದೆಗೆ ಗಂಜಿ ಹಚ್ಚುತ್ತಿದ್ದಳು. ಕೆಲಸ ನಿಲ್ಲಿಸಲಿಲ್ಲ.

"ಕ್ವಾಣಿ ಹೋದ್ರ ಮತ್ತೊಂದು ಕ್ವಾಣಿ ನೋಡ್ತೇನ್ರಿ. ಆ ಹುಡುಗಿ ಹೋದ್ರ ಎಲ್ಲಿಂದ ತರ್ಲಿ?"

ಮತ್ತೊಂದು ಕೋಣೆ ಎಲ್ಲಿಯೂ ಇರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ ಆಯಾ ಬೇರೆ ಎರಡು ಪರದೆಗಳನ್ನು ಕೊನೆಯ ಸಲ ಜಾಲಿಸಲು ಹಳ್ಳಕ್ಕೆ ಹೋದಳು. ಹಾಸಿಗೆಯಲ್ಲಿದ್ದವಳು ನಿದ್ದೆ ಹೋಗಿದ್ದಳು. ಅತ್ತೆಯೂ ಹೊರಗೆ ಕೂತಲ್ಲೇ ತೂಕಡಿಸುತ್ತಿದ್ದಳು. ನಾನು ಮಂಚದ ಹತ್ತಿರ ನೆಲದ ಮೇಲೆ ಕೂತು ಗಂಟು ಬಿಚ್ಚಿದೆ. ಬೆರಳಿಗೆ ಬರಲಿಲ್ಲ, ಹಲ್ಲು ಹಚ್ಚಬೇಕಾಯಿತು. ಇದನ್ನು ಡೈರಿಯಲ್ಲಿ ಬರೆದಿಲ್ಲ, ಆದರೆ ಬಾಯಿಗೆ ಬಂದ ರುಚಿ ನೆನಪಿದೆ, ಆದ್ದರಿಂದ ನಿಜವಿರಬೇಕು. ಒಳಗೆ ಬಿಳಿ ಅಂಗಾರ, ಮತ್ತು ಹೊಟ್ಟು ಸಮೇತ ಜೋಳದ ಕಾಳು. ಐದು ಎಂದು ಡೈರಿ. ಮೂರು ಎಂದು ನೆನಪು.

ಅದನ್ನು ಕಾಗದದಲ್ಲಿ ಮಡಿಸಿ ಔಷಧದ ಮೇಜಿನ ಮೇಲಿಟ್ಟೆ. ಪರದೆಯನ್ನು ಬಾವಿಯ ಹತ್ತಿರ ಒಯ್ದು ನಾನೇ ಸೇದಿ ನಾನೇ ಒಗೆದೆ. ಬೇಸಿಗೆಯ ಬಿಸಿಲಿಗೆ ಅದು ಬೇಲಿಯ ಮೇಲೆ ಹಾಕಿದ ಸ್ವಲ್ಪ ಹೊತ್ತಿಗೆ ಹಪ್ಪಳದಂತಾಯಿತು. ತಂದು ಹಗ್ಗಕ್ಕೆ ತೂರಿಸಿ ಗಂಟು ಹಾಕಲು ನೋಡಿದರೆ ಮೇಜಿನ ಮೇಲೆ ಪೊಟ್ಟಣವಿಲ್ಲ. ನಾನು ಬೆಳಿಗ್ಗೆ ಹೊಟ್ಟೆ ಉಬ್ಬರದ ಪುಡಿಯನ್ನು ಅಂಥದೇ ಕಾಗದದಲ್ಲಿ ಕಟ್ಟಿ ಅಲ್ಲಿ ಸಾಲಾಗಿ ಇಟ್ಟಿದ್ದೆ. ಅಣ್ಣ ಬಂದು ಸಾಲಿಗೆ ಸಾಲೇ ಯಾರೋ ಅಜ್ಜನಿಗೆ ಕೊಟ್ಟು ಕಳಿಸಿದ್ದ. ಆ ಅಜ್ಜ ವಾರದ ಮೇಲೆ ಬಂದು ಕಾಳು ಇದ್ದ ಪುಡಿಯೇ ಬಹಳ ಗುಣ ಕೊಟ್ಟಿತು, ಅದನ್ನೇ ಕೊಡಿ ಎಂದನೆಂದು ನಾನು ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಡೈರಿಯಲ್ಲಿ ಅಜ್ಜ ತಿರುಗಿ ಬಂದದ್ದು ಎಲ್ಲಿಯೂ ಇಲ್ಲ. ನಾನೇ ಸೇರಿಸಿರಬೇಕು.

ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಜೋಳ ತೆಗೆದೆ, ಒಲೆಯಿಂದ ಬೂದಿ ತೆಗೆದೆ. ನಮ್ಮ ಜೋಳ ಮೊರದಲ್ಲಿ ಕೇರಿ ಹಸನು ಮಾಡಿದ್ದು. ಒಲೆಯ ಬೂದಿಯಲ್ಲಿ ಇದ್ದಿಲಿನ ಚೂರಿತ್ತು. ಅದನ್ನೇ ಇಟ್ಟು ಅದೇ ಜಾಗದಲ್ಲಿ ಗಂಟು ಹಾಕಿದೆ. ಅವಳು ಎದ್ದಿರಲಿಲ್ಲ.

ಆಯಾ ಸಂಜೆ ಬಂದಳು. ಪರದೆ ನೋಡಿದಳು. ಗಂಟಿನ ತುದಿಯನ್ನು ನೀರಿಗೆ ತಗಲದಂತೆ ಎತ್ತಿ ಹಿಡಿದು ಒಗೆದೆ ಎಂದು ಹೇಳಿದೆ. ಅವಳು ಬಗ್ಗಿ ಗಂಟು ನೋಡಿ "ಹೌದ್ರಿ" ಎಂದಳು. ಹೋಗಿ ಮೊಳೆಗಳ ತುಕ್ಕು ಉಜ್ಜತೊಡಗಿದಳು.

ಮರುದಿನ ದೊಡ್ಡ ಡಾಕ್ಟರು ಹತ್ತು ಗಂಟೆಗೆ ಬಂದರು. ಬೆತ್ತದಿಂದ ಅಲ್ಲ, ಕೈಯಿಂದಲೇ ಪರದೆ ಮುಟ್ಟಿದರು. ಮೂಸಿ ನೋಡಿದರು. ಅಂಟವಾಳದ ವಾಸನೆ ಅವರಿಗೆ ತಮ್ಮ ಅಜ್ಜಿಯ ಮನೆಯನ್ನು ನೆನಪಿಸಿತೆಂದು ಅಣ್ಣನಿಗೆ ಹೇಳಿದರು. ಪರದೆ ಯಾಕೆ ಇಷ್ಟು ಗಿಡ್ಡ ಎಂದು ಕೇಳಿದರು. ಒಗೆದು ಒಗೆದು ಬಟ್ಟೆ ಕುಗ್ಗಿದೆ ಎಂದ ಅಣ್ಣ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರು ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಕೆಳಗೆ ನೋಡಿದರು. ಮೂಲೆಯಲ್ಲಿ ಗಂಟು.

ಅದೇನು ಎಂದು ಉರ್ದುವಿನಲ್ಲಿ ಕೇಳಿದರು. ಆಯಾಗೆ ಉರ್ದು ಬರುತ್ತಿತ್ತು. ಹೇಳಿದಳು. ಅವರು ಸಿಟ್ಟಾಗಲಿಲ್ಲ. ಒಳಗೆ ಹುಳ ಹಿಡಿಯುತ್ತದೆ, ಪರದೆ ಎಲ್ಲ ಸ್ವಚ್ಛವಿದ್ದು ಅದೊಂದು ಇರುವುದು ಸರಿಯಲ್ಲ, ಬಿಚ್ಚು ಎಂದರು. ಅವಳು ಕೈ ಕಟ್ಟಿಕೊಂಡು ನಿಂತಳು. ನನ್ನ ಕಡೆ ನೋಡಲಿಲ್ಲ. ಈ ಸಲ ಕನ್ನಡದಲ್ಲಿ ಹೇಳಿದಳು.

"ಬಿಚ್ಚಲಾಕ ಬರಂಗಿಲ್ರಿ ಸಾಹೇಬ್ರ."

ನಾನು ಈಗ ಏನು ಬರೆಯುತ್ತೇನೆ ಗೊತ್ತಿದೆಯೇ ಎಂದು ಅವರು ಕೇಳಿದರು.

"ಗೊತ್ತದರಿ. ಬರೀರಿ."

ಒಂದು ವಾಕ್ಯ ಸಾಕಾಗಿತ್ತು. ಅದನ್ನು ನಿನ್ನೆಯೇ ಬಿಚ್ಚಿದ್ದೇನೆ, ಅದರಲ್ಲಿ ಇರುವುದು ನಮ್ಮ ಅಡುಗೆಮನೆಯ ಜೋಳ ಎಂದು ಹೇಳಿದ್ದರೆ ಆಯಾಳ ಕೋಣೆ ಉಳಿಯುತ್ತಿತ್ತು. ಆದರೆ ಪರದೆಯ ಆಚೆ ಮಲಗಿದವಳೂ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಬೇರೆಯದು ನಡೆದುಹೋಯಿತು ಎಂದು ಹಲವರಿಗೆ ಹೇಳಿದ್ದೇನೆ. ಡೈರಿಯಲ್ಲಿ ಎರಡೇ ಶಬ್ದ ಇವೆ: "ನಾನು ಸುಮ್ಮನಿದ್ದೆ."

ಪರದೆ ಮೊಣಕಾಲಿಗೆ ಇದ್ದುದರಿಂದ ನಾವೆಲ್ಲ ಕಂಡೆವು. ಪರದೆಯ ಆಚೆ ಮಂಚದಿಂದ ಎರಡು ಪಾದಗಳು ನೆಲಕ್ಕೆ ಇಳಿದವು. ಬಾತಿದ್ದವು, ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿದ್ದವು. ನಾಲ್ಕು ವಾರದಲ್ಲಿ ಅವಳು ಯಾರ ಆಸರೆಯೂ ಇಲ್ಲದೆ ನಿಂತದ್ದು ಅದೇ ಮೊದಲು. ಪಾದಗಳು ಸ್ವಲ್ಪ ಹೊತ್ತು ಹಾಗೇ ಇದ್ದವು, ಆಮೇಲೆ ಅಂಚಿನ ಕಡೆ ಬಂದವು. ಅವಳು ಪರದೆ ಸರಿಸಿ ನಮ್ಮೆದುರು ಕೂತು ಗಂಟು ಬಿಚ್ಚಿದಳು. ಸುಲಭವಾಗಿ ಬಿಚ್ಚಿತು, ನಿನ್ನೆ ಕಟ್ಟಿದ್ದಲ್ಲವೇ.

ಅಂಗೈ ಮೇಲೆ ಹಾಕಿಕೊಂಡು ನೋಡಿದಳು. ಹಸನಾದ ಜೋಳ. ಇದ್ದಿಲಿನ ಚೂರು. ನೋಡುತ್ತಲೇ ಇದ್ದಳು. ಆಮೇಲೆ ತಲೆ ಎತ್ತಿ ಮೊದಲು ಆಯಾಳನ್ನು, ಆಮೇಲೆ ನನ್ನನ್ನು ನೋಡಿದಳು.

"ನಂದ ಅದರಿ. ನಾ ಊರಿಗೆ ಹೋಗ್ತೇನಿ."

ಗೋಡೆ ಹಿಡಿದು ಬಾಗಿಲಿಗೆ ನಡೆದು ಕಾಳು ಚೆಲ್ಲಿದಳು. ದೊಡ್ಡ ಡಾಕ್ಟರು ಪುಸ್ತಕದಲ್ಲಿ "ಪರದೆಗಳು ಸ್ವಚ್ಛ, ಆಯಾ ತೃಪ್ತಿಕರ" ಎಂದು ಬರೆದು ಸಹಿ ಹಾಕಿದರು.

ಅಣ್ಣ ಇನ್ನೊಂದು ವಾರ ಇರಲು ಬಹಳ ಹೇಳಿದ. ಗಂಟು ಬಿಚ್ಚಿಯಾಗಿತ್ತು, ಹೊಸ್ತಿಲು ದಾಟಿಯಾಗಿತ್ತು, ಯಾರೂ ಕೇಳಲಿಲ್ಲ. ಅತ್ತೆ ಕೂಸನ್ನು ಎತ್ತಿಕೊಂಡು ಗಾಡಿ ಹತ್ತಿದಳು. ಅಣ್ಣ ಹತ್ತು ದಿನದ ಪುಡಿ ಕಟ್ಟಿ ಕೊಟ್ಟ. ನಾನು ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಮತ್ತೆ ಮಡಿಸಿದೆ. ರಜಿಸ್ಟರಿನಲ್ಲಿ ಗುಣವಾಯಿತು, ಸತ್ತರು, ತಾವಾಗಿ ಹೋದರು ಎಂದು ಮೂರು ಕಾಲಮುಗಳಿದ್ದವು. ಮೂರನೆಯದರಲ್ಲಿ ಗುರುತು ಹಾಕಿದೆ.

ಆ ಸಂಜೆ ಆಯಾ ಬಾವಿಯ ಹತ್ತಿರ ಕೊಡ ಇಟ್ಟು ನಿಂತಿದ್ದಳು. ನಾನು ಸೇದಿ ಹಾಕುತ್ತಾ, ಆ ಗಂಟು ನಾನು ಕಟ್ಟಿದ್ದು ಎಂದು ಹೇಳಿದೆ. ಹೇಳಲು ಅಷ್ಟು ಹೊತ್ತು ಹಿಡಿಯಿತು.

"ಗೊತ್ತದರಿ. ಗಂಟು ಬೆಳ್ಳಗಿತ್ತು," ಎಂದಳು.

ಗೊತ್ತಿದ್ದರೆ ಬಿಚ್ಚಬಹುದಿತ್ತಲ್ಲ, ಅದರಲ್ಲಿ ಏನೂ ಇರಲಿಲ್ಲವಲ್ಲ ಎಂದೆ. ಅವಳು ಕೊಡ ಸೊಂಟಕ್ಕೆ ಇಟ್ಟುಕೊಂಡು, ತಿಳಿಯದವರಿಗೆ ಹೇಳುವ ಹಾಗೆ ಹೇಳಿದಳು.

"ಅದು ನೀವು ಕಟ್ಟಿದ ಗಂಟರಿ ಅಕ್ಕೋರ. ನಾ ಬಿಚ್ಚಿದ್ರ ನಿಮಗ ಏನರ ಆಗ್ತಿತ್ತು."

ಹಾಗಾದರೆ ಆ ಹುಡುಗಿ ಬಿಚ್ಚಿದಳಲ್ಲ ಎಂದೆ. ಸ್ವಲ್ಪ ಯೋಚಿಸಿ, ಆಕೆಯ ಸಲುವಾಗಿ ಕಟ್ಟಿದ್ದನ್ನು ಆಕೆ ಬಿಚ್ಚಿದರೆ ನಡೆಯುತ್ತದೆ ಎಂದಳು. ನಾನು ಯಾರ ಸಲುವಾಗಿ ಕಟ್ಟಿದ್ದೆ ಎಂದು ಅವಳಿಗೆ ಹೇಳಲಿಲ್ಲ.

ಕಾಯಂ ಮಾಡಿದ ಹುಕುಂ ಶ್ರಾವಣ ಮುಗಿದ ಮೇಲೆ ಬಂತು. ಅವಳು ಮೂರು ಸಲ ಕನ್ನಡದಲ್ಲಿ ಓದಿಸಿಕೊಂಡಳು. ಕೆಲವೇ ವಾರಗಳಲ್ಲಿ ಹುಕುಂ ಕೊಟ್ಟ ಸರಕಾರವೇ ಕಾಯಂ ಉಳಿಯಲಿಲ್ಲ. ಹೊಸ ಅಧಿಕಾರಿಗಳು ಹಳೆಯ ಕಾಗದಗಳನ್ನೆಲ್ಲ ತರಿಸಿ ನೋಡಿದರು, ಅವಳದನ್ನು ಒಪ್ಪಿದರು. ಆ ಕೋಣೆಗೆ ಅವಳು ಸುಣ್ಣ ಹೊಡೆಸಿದಳು.

ಚೌಡಾಪುರದ ಕಡೆಯಿಂದ ಬಂದವರನ್ನೆಲ್ಲ ನಾನು ಆ ಹುಡುಗಿಯ ಬಗ್ಗೆ ಕೇಳುತ್ತಿದ್ದೆ. ಹಳ್ಳಿಯ ಹೆಸರು ಹೇಳಿದರೆ ಅಲ್ಲಿ ಬಾಣಂತಿಯರು ಬಹಳ ಎನ್ನುತ್ತಿದ್ದರು. ದಸರೆಯ ಮೇಲೆ ಅಣ್ಣನಿಗೆ ಜೇವರ್ಗಿಗೆ ವರ್ಗವಾಯಿತು. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಸೊಂಟದಲ್ಲಿ ಕೂಸಿದ್ದ ಒಬ್ಬಳು ನನ್ನನ್ನು ನೋಡಿ ನಕ್ಕಳೆಂದು ನನಗೆ ನೆನಪಿದೆ. ಕಾಲುಂಗುರ ಸಡಿಲವಾಗಿದ್ದವು ಎಂಬುದೂ ನೆನಪಿದೆ. ಆ ದಿನದ ಡೈರಿ ತೆಗೆದು ನೋಡಿದೆ. "ಬಸ್ಸು ಎರಡು ತಾಸು ತಡ" ಎಂದಿದೆ. ಮತ್ತೇನೂ ಇಲ್ಲ. ಅಂಥದ್ದನ್ನು ಕಂಡಿದ್ದರೆ ನಾನು ಬರೆಯದೆ ಇರುತ್ತಿದ್ದೆನೇ?

ಜೇವರ್ಗಿಯ ಮನೆಗೆ ಸಾಮಾನು ಇಳಿಸಿದ ಮೂರನೆಯ ದಿನ ಅಣ್ಣನ ಜೊತೆ ಹೆಂಗಸರ ಕೋಣೆ ನೋಡಲು ಹೋದೆ. ಹೊಸ ಪರದೆಗಳು, ನೆಲದ ತನಕ, ಮಿಲ್ಲಿನ ಬಟ್ಟೆ. ಒಂದರ ಅಂಚಿನಲ್ಲಿ ಹುಣಸೆ ಬೀಜದಷ್ಟು ಗಂಟಿತ್ತು. ಪರದೆಯ ಮೇಲೆ ಯಾರೋ ಹಾಲು ಚೆಲ್ಲಿದ್ದರು. ಅಣ್ಣ ನನ್ನ ಮುಖ ನೋಡಿದ. ನಾನು ರಜಿಸ್ಟರು ಎಲ್ಲಿಡುತ್ತಾರೆ ಎಂದು ಕೇಳಿ ಹೊರಗೆ ಬಂದೆ.

ಡೈರಿಯಲ್ಲಿ ಆ ದಿನ "ಪರದೆ ಒಗೆಯಲಿಲ್ಲ" ಎಂದಿದೆ.